ಒಳಪೆಟ್ಟು, ಹೂಳು ಮತ್ತು ನೀರುಗಂಟಿ

ನನ್ನ ಸೋದರಮಾವನವರು ಮೂವತ್ತು ವರ್ಷಗಳಿಗೂ ಹಿಂದೆ, ಕೋಲಾರದ ಕಡೆಯ ಒಂದು ಹಳ್ಳಿಯಲ್ಲಿ, ಮಳೆ ನಿಂತು ಇನ್ನೂ ಅರೆಗಳಿಗೆಯೂ ಆಗಿರದ ಒಂದು ಸಂಜೆ, ಕೆರೆಯ ಏರಿಯ ಮೇಲೆ ಮೊಪೆಡ್ಡಿನಿಂದ ಜಾರಿ ಬಿದ್ದು, ತಲೆಗೆ ಬಲವಾದ ಪೆಟ್ಟು ತಗುಲಿ, ಎರಡು ದಿನ ಎಚ್ಚರವಿಲ್ಲದೆ ಮಲಗಿದ್ದರು. ಮೂರನೆಯ ದಿನ ಬೆಳಗ್ಗೆ ಕಣ್ಣು ತೆರೆದು ‘ಕಾಫಿ ಆಯಿತೆ?’ ಎಂದು ಕೇಳಿದಾಗ, ಮನೆಯವರೆಲ್ಲ ದೇವರಿಗೆ ಕೈಮುಗಿದು, ಹರಕೆ ಹೊತ್ತವರು ಹರಕೆ ತೀರಿಸಿ, ಆ ಅಧ್ಯಾಯವನ್ನು ಅಲ್ಲಿಗೇ ಮುಗಿಸಿದರು. ಹೊರಗೆ ಗಾಯವೆಂಬುದೇ ಇರಲಿಲ್ಲ. ‘ಒಳಪೆಟ್ಟು ಅಷ್ಟೆ’ ಎಂದು ಬಂದವರೆಲ್ಲ ಹೇಳಿ ಹೋದರು. ಮಾವನವರು ಶಾಲೆಗೆ ಮರಳಿ, ಇನ್ನೂ ಹದಿನೈದು ವರ್ಷ ಮಕ್ಕಳಿಗೆ ಬೀಜಗಣಿತವನ್ನು ಬೋಧಿಸಿ, ಯಾವ ಕುಂದೂ ಇಲ್ಲದೆ ನಿವೃತ್ತರಾದರು. ಈಗ ಎಪ್ಪತ್ತೈದು ದಾಟಿದ ಅವರಿಗೆ ಬೀಜಗಣಿತ ಹೋಗಿ ಬಹುಕಾಲವಾಯಿತು. ಮೊಮ್ಮಕ್ಕಳ ಹೆಸರುಗಳು ಕಳೆದ ವರ್ಷ ಹೋದವು.

ಈ ಮರೆವಿನ ಕಾರಣದ ವಿಷಯದಲ್ಲಿ ನಮ್ಮ ಬಂಧುವರ್ಗದಲ್ಲಿ ಎರಡು ಪಕ್ಷಗಳುಂಟು. ಅಂದು ಏರಿಯ ಮೇಲೆ ಬಿದ್ದ ಪೆಟ್ಟೇ ಇಂದು ಫಲ ಕೊಡುತ್ತಿದೆಯೆಂಬುದು ಒಂದು ಪಕ್ಷ. ಅವರ ತಂದೆಗೂ ಕೊನೆಗಾಲದಲ್ಲಿ ಅರಳುಮರುಳು ಹಿಡಿದಿತ್ತಾದ ಕಾರಣ ಇದು ರಕ್ತದಲ್ಲಿ ಬಂದದ್ದೆಂಬುದು ಇನ್ನೊಂದು ಪಕ್ಷ. ಮದುವೆ ಮುಂಜಿಗಳಲ್ಲಿ ಊಟದ ಪಂಕ್ತಿ ಮುಗಿದ ಮೇಲೆ ಈ ಎರಡು ಪಕ್ಷಗಳ ವಾದವನ್ನು ನಾನು ಬಹಳ ಸಲ ಕೇಳಿದ್ದೇನೆ. ಈ ಅಂಕಣದ ಓದುಗರಿಂದ ಬರುವ ಕಾಗದಗಳಲ್ಲಿಯೂ ಇದೇ ಪ್ರಶ್ನೆ ಬೇರೆ ಬೇರೆ ವೇಷಗಳಲ್ಲಿ ಮರಳಿ ಮರಳಿ ಬರುತ್ತದೆ: ಮಗ ಸ್ಕೂಟರಿನಿಂದ ಬಿದ್ದಿದ್ದಾನೆ, ಮನೆತನದಲ್ಲಿ ಮರೆವಿನ ಕಾಯಿಲೆಯುಂಟು, ಮುಂದೇನಾದೀತು? ಕಳೆದ ಕೆಲವು ದಶಕಗಳ ಸಂಶೋಧನೆಯನ್ನು ನನ್ನ ಅಳವಿಗೆ ನಿಲುಕಿದಷ್ಟು ಓದಿದ ಮೇಲೆ ನನಗೆ ತೋರಿದ್ದು ಇಷ್ಟು: ಎರಡು ಪಕ್ಷಗಳವರೂ ಒಂದೇ ಕೆರೆಯ ಎರಡು ದಡಗಳಲ್ಲಿ ನಿಂತು ಜಗಳವಾಡುತ್ತಿದ್ದಾರೆ.

ಮೊದಲು ಒಳಪೆಟ್ಟೆಂಬುದು ಏನೆಂದು ನೋಡೋಣ. ಮೆದುಳು ಕಪಾಲದೊಳಗಿನ ದ್ರವದಲ್ಲಿ ತೇಲುತ್ತಿರುವ ಬಹು ಮೃದುವಾದ ವಸ್ತು. ವೇಗದಿಂದ ಸಾಗುತ್ತಿದ್ದ ತಲೆ ನೆಲಕ್ಕೆ ಬಡಿದು ಒಮ್ಮೆಲೇ ನಿಂತಾಗ, ಅಥವಾ ಪಕ್ಕಕ್ಕೆ ತಿರುಚಿಕೊಂಡಾಗ, ತಲೆಯ ಚಿಪ್ಪು ನಿಂತರೂ ಒಳಗಿನ ಮೆದುಳು ನಿಲ್ಲದೆ ತನ್ನ ಮೇಲೆ ತಾನೇ ಹೊರಳುವುದರಿಂದ, ಅದರ ನರಕೋಶಗಳ ಉದ್ದವಾದ ತಂತುಗಳು ಎಳೆತಕ್ಕೆ ಸಿಕ್ಕುತ್ತವೆ. ಬೆಲ್ಲದ ಅಂಟುಪಾಕವನ್ನು ಮೆಲ್ಲಗೆ ಎಳೆದರೆ ಎಳೆಯಾಗಿ ಬರುವುದು, ಥಟ್ಟನೆ ಎಳೆದರೆ ಪಟ್ಟನೆ ಮುರಿಯುವುದು; ನರತಂತುವಿನ ಒಳಗಿನ ಸೂಕ್ಷ್ಮನಾಳಿಕೆಗಳ ಸ್ವಭಾವವೂ ಹಾಗೆಯೇ. ಈ ನಾಳಿಕೆಗಳೇ ಕೋಶದ ಒಡಲಿನಿಂದ ತಂತುವಿನ ತುದಿಯವರೆಗೆ ಸರಕು ಸಾಗಿಸುವ ಹಳಿಗಳು. ಹಳಿಗಳನ್ನು ಬಿಗಿಹಿಡಿದು ನಿಲ್ಲಿಸುವ ಒಂದು ಪ್ರೋಟೀನಿಗೆ ‘ಟೌ’ ಎಂದು ಹೆಸರು. ಹಳಿಗಳ ಮೇಲೆ ಸಾಗುವ ಸರಕಿನಲ್ಲಿ ಒಂದು, ಅಮೈಲಾಯ್ಡಿನ ಮಾತೃರೂಪವಾದ ಇನ್ನೊಂದು ಪ್ರೋಟೀನು. ಹಳಿ ಮುರಿದೆಡೆಯಲ್ಲಿ ಸರಕು ಮುಂದೆ ಹೋಗಲಾರದೆ ರಾಶಿ ಬೀಳುತ್ತದೆ. ಪೆಟ್ಟು ಬಿದ್ದ ಎರಡು ಮೂರು ಗಂಟೆಗಳೊಳಗೆ ಸತ್ತವನ ಮೆದುಳಿನಲ್ಲಿಯೂ ಈ ರಾಶಿಯನ್ನು ಬಣ್ಣಕಟ್ಟಿ ತೋರಿಸಲು ಸಾಧ್ಯವಿರುವುದರಿಂದ, ಶವಪರೀಕ್ಷೆ ಮಾಡುವ ವೈದ್ಯರು ಒಳಪೆಟ್ಟಿನ ಸಾಕ್ಷಿಗಾಗಿ ಇದನ್ನೇ ಹುಡುಕುತ್ತಾರೆ. ಹೀಗೆ ಬಿದ್ದ ರಾಶಿಯನ್ನು ಅಲ್ಲಿಯೇ ಇರುವ ಕಿಣ್ವಗಳು ಎರಡು ಕಡೆ ಕತ್ತರಿಸಿದಾಗ ನಡುವಿನಿಂದ ಉದುರುವ ತುಣುಕೇ ‘ಅಮೈಲಾಯ್ಡ್ ಬೀಟಾ’. ನಾಲ್ವತ್ತು, ನಾಲ್ವತ್ತೆರಡು ಅಮೈನೋ ಆಮ್ಲಗಳಷ್ಟೇ ಉದ್ದವಾದ ಈ ಅಂಟುತುಣುಕುಗಳು ಒಂದನ್ನೊಂದು ಹಿಡಿದುಕೊಂಡು ಕೋಶಗಳ ಹೊರಗೆ ಮಚ್ಚೆಗಳಾಗಿ ಕೂಡುತ್ತವೆ. ಫ್ರಾಂಕ್‌ಫರ್ಟಿನಲ್ಲಿ ತಾನು ಕಂಡಿದ್ದ ಒಬ್ಬ ರೋಗಿಣಿಯ ಮೆದುಳನ್ನು ಪರೀಕ್ಷಿಸಿ, ಆಲೋಯಿಸ್ ಆಲ್ಝೈಮರ್ 1906ರಲ್ಲಿ ವರ್ಣಿಸಿದ ಮಚ್ಚೆಗಳು ಇವೇ. ಅವುಗಳ ಜೊತೆಯಲ್ಲಿ ಆತ ಕಂಡ ಕೋಶದೊಳಗಿನ ಸಿಕ್ಕುಗಳು, ಹಳಿಯಿಂದ ಕಳಚಿಬಿದ್ದ ಟೌ ಪ್ರೋಟೀನಿನ ಸಿಕ್ಕುಗಳು.

ಕೋಲಾರದ ಸೀಮೆಯಲ್ಲಿ ಹುಟ್ಟಿದವನಿಗೆ ಇದನ್ನು ಓದಿದಾಗ ಕೆರೆಯ ಹೂಳಿನ ನೆನಪಾಗದೆ ಇರಲಾರದು. ಮಳೆ ಬಂದಾಗಲೆಲ್ಲ ಕೆರೆಗೆ ಹೂಳು ಬರುವುದು ಪ್ರಕೃತಿಧರ್ಮ. ಆರೋಗ್ಯವಂತರ ಮೆದುಳಿನಲ್ಲಿಯೂ ಅಮೈಲಾಯ್ಡು ದಿನದಿನವೂ ಹುಟ್ಟುತ್ತದೆ, ದಿನದಿನವೂ ತೊಳೆದುಹೋಗುತ್ತದೆ. ಬೇಸಗೆಯಲ್ಲಿ ರೈತರು ಗಾಡಿ ಕಟ್ಟಿ ಹೂಳನ್ನು ಹೊಲಗಳಿಗೆ ಹೊತ್ತೊಯ್ಯುತ್ತಿದ್ದ ಕಾಲದಲ್ಲಿ ಯಾರೂ ಹೂಳಿಗೆ ಹೆದರಲಿಲ್ಲ. ತಲೆಗೆ ಬಿದ್ದ ಪೆಟ್ಟು ಒಂದು ರಾತ್ರಿಯ ಕುಂಭದ್ರೋಣ ಮಳೆಯಂತೆ, ಹಲವು ವರ್ಷಗಳ ಹೂಳನ್ನು ಒಂದೇ ಸಲಕ್ಕೆ ತಂದು ಸುರಿಯುತ್ತದೆ. ಆಮೇಲೆ ಕೆರೆಯ ಗತಿ ಏನೆಂಬುದು, ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದನ್ನು ಬಲ್ಲ ನೀರುಗಂಟಿಯ ಕೈಯಲ್ಲಿದೆ. ವಂಶದ ಮಾತು ಬರುವುದು ಇಲ್ಲಿ.

ಮೆದುಳಿನ ಈ ನೀರುಗಂಟಿಗೆ ಅಪೋಲಿಪೋಪ್ರೋಟೀನ್-ಇ ಎಂಬ ದೀರ್ಘನಾಮವಿದೆ; ಅಪೋ-ಇ ಎಂದು ಹ್ರಸ್ವಗೊಳಿಸಿಕೊಳ್ಳೋಣ. ಕೊಬ್ಬನ್ನೂ ಕೊಲೆಸ್ಟರಾಲನ್ನೂ ಹೊತ್ತು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಇದರ ಮುಖ್ಯ ಉದ್ಯೋಗ. ಮೆದುಳಿನಲ್ಲಿ ನರಕೋಶಗಳ ಪೋಷಕರಾದ ನಕ್ಷತ್ರಾಕಾರದ ಕೋಶಗಳು ಇದನ್ನು ಹೆಚ್ಚಾಗಿ ತಯಾರಿಸುತ್ತವೆ. ಪೆಟ್ಟಿನಿಂದ ಹರಿದ ಪೊರೆಗಳನ್ನು ಮತ್ತೆ ಹೊಸೆಯುವುದಕ್ಕೆ ಕೊಬ್ಬು ಬೇಕಾದ್ದರಿಂದ ರಿಪೇರಿಯ ಕಾಲದಲ್ಲಿ ಇದಕ್ಕೆ ಕೆಲಸ ಹೆಚ್ಚು. ಅದರ ಜೊತೆಯಲ್ಲಿ ಅಮೈಲಾಯ್ಡಿನ ವಿಲೇವಾರಿಯಲ್ಲಿಯೂ ಇದರ ಕೈವಾಡವಿದೆ. ಇದರ ಜೀನು ಹತ್ತೊಂಬತ್ತನೆಯ ವರ್ಣತಂತುವಿನಲ್ಲಿದ್ದು, ಮನುಷ್ಯರಲ್ಲಿ ಮುಖ್ಯವಾಗಿ ಮೂರು ರೂಪಗಳಲ್ಲಿ ಕಾಣಸಿಗುತ್ತದೆ: ಇ-2, ಇ-3 ಮತ್ತು ಇ-4. ಇನ್ನೂರ ತೊಂಬತ್ತೊಂಬತ್ತು ಅಮೈನೋ ಆಮ್ಲಗಳ ಸರಪಳಿಯಲ್ಲಿ ಈ ಮೂರಕ್ಕೂ ಇರುವ ಭೇದ ಕೇವಲ 112ನೆಯ ಮತ್ತು 158ನೆಯ ಸ್ಥಾನಗಳಲ್ಲಿ. ಅಕ್ಷರವೊಂದಕ್ಕೆ ಕೊಂಬು ತಪ್ಪಿದರೆ ಮಾತಿನ ಅರ್ಥವೇ ಬದಲಾಗುವುದನ್ನು ಕಂಡಿರುವ ಕನ್ನಡಿಗರಿಗೆ ಇದರಲ್ಲಿ ಆಶ್ಚರ್ಯವಿರಬಾರದು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿಯೊಬ್ಬರಲ್ಲಿಯೂ ಎರಡು ಪ್ರತಿಗಳು. ಬಹುಪಾಲು ಜನರಲ್ಲಿರುವುದು ಇ-3. ಇ-4 ಎಂಬ ನೀರುಗಂಟಿ ಸೋಮಾರಿ ಎನ್ನುವುದಕ್ಕಿಂತ ಕೈಚಳಕ ಕಡಿಮೆಯವನು ಎಂದರೆ ನ್ಯಾಯವಾದೀತು: ಕೊಬ್ಬನ್ನು ಹೊರುವುದರಲ್ಲಿ ಹಿಂದು, ಹೂಳನ್ನು ಕಳೆಯುವುದರಲ್ಲಿಯೂ ನಿಧಾನ. ಇ-4 ಉಳ್ಳವರಲ್ಲಿ ಆಲ್ಝೈಮರ್ ರೋಗ ಹೆಚ್ಚೆಂಬುದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳಿಂದ 1993ರಲ್ಲಿ ಪ್ರಕಟವಾಯಿತು.

ಪೆಟ್ಟಿನ ಕಥೆ ಇದಕ್ಕಿಂತ ಹಳೆಯದು, ಮತ್ತು ಅದು ಆರಂಭವಾಗುವುದು ಮುಷ್ಟಿಯುದ್ಧದ ಕಣದಲ್ಲಿ. ಬಾಕ್ಸಿಂಗ್ ಆಡಿ ಆಡಿ ಹಣ್ಣಾದವರು ತೂರಾಡುತ್ತ ನಡೆಯುವುದನ್ನೂ, ನಾಲಗೆ ತೊದಲುವುದನ್ನೂ, ಬುದ್ಧಿ ಮಂಕಾಗುವುದನ್ನೂ ಪ್ರೇಕ್ಷಕರು ಬಹುಕಾಲದಿಂದ ಬಲ್ಲವರಾಗಿ ಅದಕ್ಕೆ ‘ಗುದ್ದಿನ ಅಮಲು’ ಎಂಬರ್ಥದ ಹೆಸರನ್ನೂ ಇಟ್ಟಿದ್ದರು. ನ್ಯೂಜೆರ್ಸಿಯ ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ವೈದ್ಯ 1928ರಲ್ಲಿ ಅದನ್ನು ವೈದ್ಯಶಾಸ್ತ್ರದ ಪುಟಗಳಿಗೆ ತಂದ. 1973ರಲ್ಲಿ ಇಂಗ್ಲೆಂಡಿನ ಕೊರ್ಸೆಲಿಸ್ ಮತ್ತು ಆತನ ಸಂಗಡಿಗರು ಹದಿನೈದು ಮಂದಿ ಬಾಕ್ಸರುಗಳ ಮೆದುಳುಗಳನ್ನು ಪರಿಶೀಲಿಸಿದರು. ಮುಂದೆ ಗ್ಯಾರೆತ್ ರಾಬರ್ಟ್ಸ್ ಮತ್ತಿತರರು ಹೊಸ ಬಣ್ಣಕಟ್ಟುವ ವಿಧಾನಗಳಿಂದ ಬಾಕ್ಸರುಗಳ ಮೆದುಳುಗಳನ್ನು ಮತ್ತೊಮ್ಮೆ ನೋಡಿದಾಗ ಅಲ್ಲಿ ಅಮೈಲಾಯ್ಡು ಹೇರಳವಾಗಿ ಕಂಡಿತು. ಹಾಗಾದರೆ ಒಂದೇ ಒಂದು ಸಲ ಬಲವಾದ ಪೆಟ್ಟು ಬಿದ್ದವರಲ್ಲಿ? 1994ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ತೀವ್ರ ತಲೆಪೆಟ್ಟಿನಿಂದ ಮಡಿದ 152 ಮಂದಿಯಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿಯ ಮೆದುಳಿನಲ್ಲಿ ಅಮೈಲಾಯ್ಡು ಕೂಡಿತ್ತು. ವೃದ್ಧರಲ್ಲಿ ದಶಕಗಳ ಕಾಲ ಕೂಡಬೇಕಾದ ವಸ್ತು, ಪೆಟ್ಟಿನ ನಂತರ ಕೆಲವು ಗಂಟೆಗಳಲ್ಲಿಯೂ ದಿನಗಳಲ್ಲಿಯೂ ಕೂಡಬಲ್ಲುದೆಂಬುದು ಆ ಕಾಲಕ್ಕೆ ದಿಗ್ಭ್ರಮೆ ಹಿಡಿಸುವ ಸಂಗತಿಯಾಗಿತ್ತು.

ಆದರೆ ಮೂವತ್ತೇ ಏಕೆ? ಉಳಿದ ಎಪ್ಪತ್ತು ಮಂದಿಗೂ ಪೆಟ್ಟು ಅದೇ ತೆರನಾದದ್ದಲ್ಲವೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಅಪಘಾತವಾದವರನ್ನು ನೋಡಿಕೊಂಡ ಅನುಭವವಿರುವ ಓದುಗರಿಗೆ ಈ ಊರಿನ ಹೆಸರು, ತಿಳಿಯದೆಯೇ, ಪರಿಚಿತವಾಗಿರಬೇಕು. ನಮ್ಮ ಜಿಲ್ಲಾಸ್ಪತ್ರೆಗಳ ಕಾಗದಗಳ ಮೇಲೆಯೂ ‘ಜಿ.ಸಿ.ಎಸ್.’ ಎಂದು ಬರೆದು ಪಕ್ಕದಲ್ಲಿ ಮೂರರಿಂದ ಹದಿನೈದರೊಳಗಿನ ಒಂದು ಅಂಕಿಯನ್ನು ನಮೂದಿಸುತ್ತಾರಲ್ಲ, ಪ್ರಜ್ಞೆಯ ಆಳವನ್ನು ಅಳೆಯುವ ಆ ಮಾನದಂಡ 1974ರಲ್ಲಿ ಹುಟ್ಟಿದ್ದು ಅಲ್ಲಿಯೇ, ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರ ಕೈಯಲ್ಲಿ. ಅದೇ ಊರಿನಲ್ಲಿ ಜೇಮ್ಸ್ ನಿಕಲ್ ಮತ್ತು ಸಂಗಡಿಗರು ತಲೆಪೆಟ್ಟಿನಿಂದ ಮಡಿದವರ ಅಪೋ-ಇ ರೂಪಗಳನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದರು: ಅಮೈಲಾಯ್ಡು ಕೂಡಿದವರ ಗುಂಪಿನಲ್ಲಿ ಇ-4ರ ಪ್ರಮಾಣ 0.52, ಕೂಡದವರ ಗುಂಪಿನಲ್ಲಿ 0.16. ಮಳೆ ಎಲ್ಲ ಕೆರೆಗಳ ಮೇಲೂ ಸುರಿದಿತ್ತು, ಹೂಳು ನಿಂತದ್ದು ಮಾತ್ರ ನೀರುಗಂಟಿಯ ಗುಣವನ್ನು ಅನುಸರಿಸಿ. ಮಾರ್ಟ್‌ಲೆಂಡನ ಬಾಕ್ಸರುಗಳ ವಂಶಕ್ಕೂ ಈ ಬೆಳಕು ಬಿದ್ದಿತು: 1997ರಲ್ಲಿ ಮೂವತ್ತು ಮಂದಿ ಬಾಕ್ಸರುಗಳನ್ನು ಪರೀಕ್ಷಿಸಿದಾಗ, ಬಹಳ ಪಂದ್ಯಗಳನ್ನಾಡಿದವರಲ್ಲಿ ಇ-4 ಉಳ್ಳವರಿಗೆ ಹೆಚ್ಚಿನ ಕುಂದುಂಟಾಗಿತ್ತು. ನ್ಯೂಯಾರ್ಕಿನ ಇನ್ನೊಂದು ಅಧ್ಯಯನದಲ್ಲಿ ಇ-4 ಒಂದೇ ಇದ್ದವರಿಗೆ ಆಲ್ಝೈಮರಿನ ಅಪಾಯ ಎರಡು ಪಟ್ಟು, ಇ-4ರ ಜೊತೆಗೆ ತಲೆಪೆಟ್ಟೂ ಆಗಿದ್ದವರಿಗೆ ಹತ್ತು ಪಟ್ಟು, ಪೆಟ್ಟೊಂದೇ ಆಗಿದ್ದವರಿಗೆ ಹೆಚ್ಚಳವೇ ಇಲ್ಲ ಎಂದು ಕಂಡಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಪತ್ರಿಕೆಗಳವರಿಗೆ ಬಹಳ ಅನುಕೂಲವಾಗುತ್ತಿತ್ತು. ನಾನು ಈ ಇಡೀ ಪ್ರಕರಣದಲ್ಲಿ ಅತ್ಯಂತ ಗೌರವದಿಂದ ಓದಿದ ಪುಟ ಮಾತ್ರ ಇದರ ಮುಂದಿನದು. ಮೇಲೆ ಹೇಳಿದ ಟೀಸ್‌ಡೇಲರೇ 1997ರಲ್ಲಿ, ಆಸ್ಪತ್ರೆಗೆ ಬಂದ ಎಂಬತ್ತೊಂಬತ್ತು ಮಂದಿಯನ್ನು ಆರು ತಿಂಗಳು ಅನುಸರಿಸಿ, ಇ-4 ಇದ್ದವರಲ್ಲಿ ನೂರಕ್ಕೆ 57 ಮಂದಿಯೂ ಇಲ್ಲದವರಲ್ಲಿ ನೂರಕ್ಕೆ 27 ಮಂದಿಯೂ ದುಃಸ್ಥಿತಿಗೆ ಬಂದರೆಂದು ವರದಿ ಮಾಡಿದ್ದರು. ಅಷ್ಟಕ್ಕೇ ತೃಪ್ತರಾಗದೆ, ಹತ್ತುಪಟ್ಟಿಗೂ ಮಿಕ್ಕ ಸಂಖ್ಯೆಯ ರೋಗಿಗಳನ್ನು, ಸಾವಿರಕ್ಕೂ ಹೆಚ್ಚು ಮಂದಿಯನ್ನು, ಮತ್ತೆ ಅದೇ ರೀತಿ ಅನುಸರಿಸಿ, 2005ರಲ್ಲಿ ತಾವೇ ಮುಂದೆ ನಿಂತು ಹೇಳಿದರು: ಒಟ್ಟಾರೆಯಾಗಿ ನೋಡಿದರೆ ಅಂತಹ ವ್ಯತ್ಯಾಸ ಕಾಣುವುದಿಲ್ಲ, ವಯಸ್ಸು ಚಿಕ್ಕದಾದಷ್ಟೂ ಇ-4ರ ದುಷ್ಪರಿಣಾಮ ಎದ್ದು ತೋರುತ್ತದೆ, ಅಷ್ಟೇ. ತಾನು ಕಟ್ಟಿದ ಗೋಡೆಯ ಮೇಲೆ ತಾನೇ ಸುತ್ತಿಗೆಯಿಂದ ಹೊಡೆದು ನೋಡುವ ಮೇಸ್ತ್ರಿಯನ್ನು ನಮ್ಮ ಕಡೆ ಎಷ್ಟು ಜನ ಕಂಡಿದ್ದಾರೆ?

ಹೂಳಿನ ವಿಷಯದಲ್ಲಿಯೂ ಹೀಗೆಯೇ ಕಥೆ ತೊಡಕಾಗುತ್ತ ಹೋಯಿತು. ಪೆಟ್ಟಿನ ಬೆನ್ನಲ್ಲೇ ಕೂಡಿದ ಮಚ್ಚೆಗಳು ಬದುಕುಳಿದವರಲ್ಲಿ ತಿಂಗಳು ವರ್ಷಗಳು ಕಳೆದಂತೆ ಕರಗಿಹೋಗುವುದೂ ಉಂಟು. ನೆಪ್ರಿಲೈಸಿನ್ ಎಂಬ, ಅಮೈಲಾಯ್ಡನ್ನು ಕತ್ತರಿಸಿ ತೆಗೆಯುವ ಕಿಣ್ವ ಆ ಕೆಲಸದಲ್ಲಿ ತೊಡಗಿರುವಂತೆ ತೋರುತ್ತದೆ. ಆ ಕಿಣ್ವದ ಜೀನಿನಲ್ಲಿಯೂ ವ್ಯತ್ಯಾಸಗಳಿದ್ದು ಅವುಗಳಿಗೂ ಮಚ್ಚೆಗಳಿಗೂ ನಂಟಿರುವುದನ್ನು 2009ರಲ್ಲಿ ತೋರಿಸಿದರು. ನೀರುಗಂಟಿ ಒಬ್ಬನೇ ಅಲ್ಲ, ಅವನ ಸಂಗಡ ಹೂಳೆತ್ತುವ ಗಾಡಿಯವರೂ ಇದ್ದಾರೆ ಎಂದಂತಾಯಿತು. ಆದರೆ ಕರಗಿದ್ದು ಮತ್ತೆ ಬಾರದೆಂದೇನೂ ಇಲ್ಲ. ಗ್ಲಾಸ್ಗೋ ಮತ್ತು ಪೆನ್ಸಿಲ್ವೇನಿಯದ ವಿಜ್ಞಾನಿಗಳು, ಬದುಕಿನಲ್ಲಿ ಒಂದೇ ಸಲ ಪೆಟ್ಟು ತಿಂದು, ಆಮೇಲೆ ಒಂದರಿಂದ ನಾಲ್ವತ್ತೇಳು ವರ್ಷ ಬದುಕಿದ್ದು ಸತ್ತ 39 ಮಂದಿಯ ಮೆದುಳುಗಳನ್ನು ಪರೀಕ್ಷಿಸಿ 2012ರಲ್ಲಿ ಬರೆದರು: ಅವರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿಯಲ್ಲಿ, ಪೆಟ್ಟೇ ಬೀಳದ ಸಮವಯಸ್ಕರಿಗಿಂತ ಹೆಚ್ಚು ವ್ಯಾಪಕವಾಗಿ, ಟೌ ಸಿಕ್ಕುಗಳೂ ಅಮೈಲಾಯ್ಡ್ ಮಚ್ಚೆಗಳೂ ಕಂಡವು. ಇದನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟು, ‘ಕಾಫಿ ಆಯಿತೆ?’ ಎಂದ ಆ ಮೂರನೆಯ ದಿನದ ಬೆಳಗನ್ನು ಬಹಳ ಹೊತ್ತು ನೆನೆದೆ.

ಮರಳಿ ಮರಳಿ ಪೆಟ್ಟು ತಿನ್ನುವವರ ಸಂಗತಿ ಬೇರೆ, ಅಲ್ಲಿ ಪ್ರಧಾನ ಪಾತ್ರ ಟೌ ಪ್ರೋಟೀನಿನದು. ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ ಐವತ್ತನೆಯ ವಯಸ್ಸಿಗೆ ಮಡಿದಾಗ, ನೈಜೀರಿಯದಿಂದ ಹೋಗಿ ಪಿಟ್ಸ್‌ಬರ್ಗಿನಲ್ಲಿ ನೆಲೆಸಿದ್ದ ಬೆನೆಟ್ ಒಮಾಲು ಎಂಬ ವೈದ್ಯ ಆತನ ಮೆದುಳಿನಲ್ಲಿ ಟೌ ಕೂಡಿರುವುದನ್ನು ಕಂಡು ಹೇಳಿದ ಕಥೆ ಜಗತ್ಪ್ರಸಿದ್ಧವಾಗಿದೆ. ಬಾಸ್ಟನ್ನಿನಲ್ಲಿ ಅಂತಹ ವೃತ್ತಿನಿರತ ಆಟಗಾರರ 111 ಮೆದುಳುಗಳಲ್ಲಿ 110ರಲ್ಲಿ ಹೀಗೆ ಟೌ ಕೂಡುವ ರೋಗ ಕಂಡಿತೆಂಬ 2017ರ ಅಂಕಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಬದುಕಿದ್ದಾಗಲೇ ಏನೋ ಕೆಟ್ಟಿದೆಯೆಂದು ಕಂಡ ಕುಟುಂಬಗಳೇ ಹೆಚ್ಚಾಗಿ ಮೆದುಳನ್ನು ದಾನ ಮಾಡಿರುವುದು ಸಹಜ. ಈ ರೋಗದಲ್ಲಿಯೂ ಇ-4 ಉಳ್ಳವರಿಗೆ ತೀವ್ರತೆ ಹೆಚ್ಚೆಂದು ಅದೇ ಬಾಸ್ಟನ್ನಿನವರು 2022ರಲ್ಲಿ ತೋರಿಸಿದ್ದಾರೆ.

ಈಗ ಕಾಗದ ಬರೆದವರ ಪ್ರಶ್ನೆಗೆ ಬರೋಣ. ನನ್ನ ತಂಗಿಯ ಮಗಳೊಬ್ಬಳು, ಜೊಲ್ಲು ಕಳುಹಿಸಿದರೆ ಜೀನು ಓದಿಕೊಡುವ ಜಾಹೀರಾತನ್ನು ಮೊಬೈಲಿನಲ್ಲಿ ತೋರಿಸಿ, ‘ದೊಡ್ಡಮಾವ, ನಾವೆಲ್ಲ ಪರೀಕ್ಷೆ ಮಾಡಿಸಿಕೊಂಡುಬಿಡೋಣವೆ?’ ಎಂದು ಕೇಳಿದಳು. ಡಿ.ಎನ್.ಎ.ಯ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಜೇಮ್ಸ್ ವಾಟ್ಸನ್, 2007ರಲ್ಲಿ ತನ್ನ ಜೀನುರಾಶಿಯನ್ನೆಲ್ಲ ಓದಿಸಿ ಲೋಕದ ಮುಂದೆ ತೆರೆದಿಟ್ಟಾಗ, ಅಪೋ-ಇ ಒಂದನ್ನು ಮಾತ್ರ ತನಗೂ ತಿಳಿಸಬಾರದೆಂದು ಕೇಳಿಕೊಂಡಿದ್ದನೆಂಬುದನ್ನು ಅವಳಿಗೆ ಹೇಳಿದೆ. ಆತನ ಅಜ್ಜಿಗೆ ಈ ಮರೆವಿನ ರೋಗವಿತ್ತು. ವಾಟ್ಸನ್ನನಂತೆ ಎಲ್ಲರೂ ಹೆದರಬೇಕಾಗಿಲ್ಲ. ತಿಳಿದುಕೊಂಡವರಲ್ಲಿ ಬಹುಮಂದಿ ಎದೆಗುಂದುವುದಿಲ್ಲವೆಂದು ಅಮೆರಿಕದ ಒಂದು ಅಧ್ಯಯನ 2009ರಲ್ಲಿ ತೋರಿಸಿದೆ. ಆದರೂ ಈ ಪರೀಕ್ಷೆಯನ್ನು ಹಬ್ಬದ ರಿಯಾಯಿತಿಯಲ್ಲಿ ಕೊಳ್ಳುವುದು ನನಗೆ ಸರಿತೋರದು. ಇ-4 ಇದ್ದೂ ತೊಂಬತ್ತರವರೆಗೆ ನಿಚ್ಚಳವಾಗಿ ಬಾಳಿದವರಿದ್ದಾರೆ, ಇಲ್ಲದೆಯೂ ರೋಗಕ್ಕೆ ತುತ್ತಾದವರಿದ್ದಾರೆ. ಪಟ್ಟುಗಳ ಲೆಕ್ಕವೆಲ್ಲ ಹೆಚ್ಚಾಗಿ ಐರೋಪ್ಯ ಮೂಲದವರನ್ನು ನೋಡಿ ಹಾಕಿದ್ದು. ಹರಿಯಾಣದ ಬಲ್ಲಬ್‌ಗಢ ಪ್ರದೇಶದ ಹಳ್ಳಿಗಳಲ್ಲಿ ಇ-4ರ ಪ್ರಮಾಣ 0.073, ಅದಕ್ಕೆ ಹೋಲಿಸಿ ನೋಡಿದ ಪೆನ್ಸಿಲ್ವೇನಿಯದ ಕಣಿವೆಯಲ್ಲಿ 0.11 ಎಂದು 2000ದಲ್ಲಿ ವರದಿಯಾಯಿತು. ನಮ್ಮವರ ಲೆಕ್ಕ ನಮ್ಮ ನೆಲದಲ್ಲಿಯೇ ಆಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಅದಕ್ಕಾಗಿ ಆರಿಸಿಕೊಂಡಿರುವುದು, ಏನಾಶ್ಚರ್ಯ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕನ್ನೇ. ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಅನುಸರಿಸುವ ಸಂಕಲ್ಪ ಅವರದು. ನಿಮ್ಹಾನ್ಸಿನಲ್ಲಿ 1995ರಿಂದ ಮೆದುಳುಗಳ ಒಂದು ಸಂಗ್ರಹಾಗಾರವೂ ಇದೆ.

ಪರೀಕ್ಷೆಗೆ ತೆಗೆದಿಟ್ಟ ದುಡ್ಡಿನಲ್ಲಿ ಒಳ್ಳೆಯದೊಂದು ಹೆಲ್ಮೆಟ್ ಕೊಳ್ಳೆಂದು ಆ ಹುಡುಗಿಗೆ ಹೇಳಿದೆ. ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯುವ ಜಾತಿಯದು, ಪೊಲೀಸರು ಕಂಡಾಗ ಮಾತ್ರ ತಲೆಗೇರುವ ಟೋಪಿಯಲ್ಲ. ನಮ್ಮ ದೇಶದ ರಸ್ತೆಗಳಲ್ಲಿ 2022ರಲ್ಲಿ ಮಡಿದವರು 1,68,491 ಮಂದಿ, ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕವರು ದ್ವಿಚಕ್ರ ವಾಹನಗಳವರು. ಸಾಯದೆ ‘ಒಳಪೆಟ್ಟು ಅಷ್ಟೆ’ ಎಂದು ಮನೆಗೆ ಮರಳಿದವರು ಇದಕ್ಕೆ ಹಲವು ಪಟ್ಟು. ಅವರೆಲ್ಲರೂ ಮರೆವಿಗೆ ತುತ್ತಾಗುವರೆಂದು ಅಂಜಿಸುವುದು ನನ್ನ ಉದ್ದೇಶವಲ್ಲ. ಡೆನ್ಮಾರ್ಕಿನಲ್ಲಿ ಇಪ್ಪತ್ತೆಂಟು ಲಕ್ಷ ಜನರ ದಾಖಲೆಗಳನ್ನು ತೂಗಿ ನೋಡಿದಾಗ, ತಲೆಪೆಟ್ಟಾದವರಲ್ಲಿ ಮರೆವಿನ ರೋಗದ ಅಪಾಯ ಇತರರಿಗಿಂತ ನೂರಕ್ಕೆ ಇಪ್ಪತ್ತನಾಲ್ಕರಷ್ಟು ಹೆಚ್ಚೆಂದು ಕಂಡಿತು. ಅಂದರೆ ಪೆಟ್ಟು ಬಿದ್ದವರಲ್ಲಿಯೂ ಹೆಚ್ಚಿನವರ ಕೆರೆ ತಿಳಿಯಾಗಿಯೇ ಉಳಿಯುವುದು.

ಕಳೆದ ಭಾನುವಾರ ಮಾವನವರ ಮನೆಗೆ ಹೋಗಿದ್ದಾಗ, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಅತ್ತೆಗೆ ಈ ಹೂಳಿನ ಕಥೆಯನ್ನೂ ನೀರುಗಂಟಿಯ ಕಥೆಯನ್ನೂ ಗ್ಲಾಸ್ಗೋ ನಗರದವರ ಲೆಕ್ಕವನ್ನೂ ಸಾವಧಾನವಾಗಿ ವಿವರಿಸಿದೆ. ಎರಡು ಪಕ್ಷಗಳ ಜಗಳವನ್ನು ಒಂದೇ ಕಂತಿನಲ್ಲಿ ತೀರಿಸಿದೆನೆಂಬ ಸಮಾಧಾನ ನನಗೆ. ಅತ್ತೆ ಎಲ್ಲವನ್ನೂ ಕೇಳಿ, ಮೊರವನ್ನು ಪಕ್ಕಕ್ಕೆ ಸರಿಸಿ, ‘ಆ ಜೀನು ಅವರಪ್ಪನಿಂದ ಬಂದಿದೆ ಅಂತಲೇ ಇಟ್ಟುಕೊಳ್ಳೋಣ, ಮೊಪೆಡ್ಡಿಂದ ಬಿದ್ದಿದ್ದೂ ಸೇರಿಕೊಂಡಿದೆ ಅಂತಲೇ ಇಟ್ಟುಕೊಳ್ಳೋಣ. ಮದುವೆಯಾದ ವರ್ಷವೇ ಉಪ್ಪು ತರೋಕೆ ಅಂತ ಸಂತೆಗೆ ಹೋಗಿ ಉಪ್ಪೊಂದು ಬಿಟ್ಟು ಮಿಕ್ಕಿದ್ದೆಲ್ಲ ತರ್ತಿದ್ದರಲ್ಲ, ಅದಕ್ಕೇನಂತಾರೆ ಕಣೋ ನಿಮ್ಮ ಗ್ಲಾಸ್ಗೋದವರು?’ ಎಂದರು. ನಾನು ಉತ್ತರ ಹುಡುಕುತ್ತಿರುವಷ್ಟರಲ್ಲಿ ಒಳಕೋಣೆಯಿಂದ ಮಾವನವರ ದನಿ ಕೇಳಿತು: ‘ಕಾಫಿ ಆಯಿತೆ?’ ಕುಡಿದು ಇನ್ನೂ ಕಾಲು ಗಂಟೆಯೂ ಆಗಿರಲಿಲ್ಲ. ಅತ್ತೆ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಒಲೆ ಹಚ್ಚಲು ಒಳಗೆ ಹೋದರು.